ತಪ್ಪಿದರೆ ಮೊದಲಿಂದ

ನನ್ನ ಗಂಡನ ಬಾಯಿ ಕಟ್ಟಿಸಿದವಳು ನಾನೇ. ಬೇರೆಯವರ ಮೇಲೆ ಗೂಬೆ ಕೂರಿಸುವ ಬುದ್ಧಿ ನನಗಿಲ್ಲ. ಕಂಪನಿಯವರು ಕಟ್ಟಿಸಲಿಲ್ಲ, ಪರೀಕ್ಷೆ ತೆಗೆದುಕೊಂಡ ಹೆಂಗಸೂ ಕಟ್ಟಿಸಲಿಲ್ಲ. ಆರು ವಾರ, ದಿನಾ ಸಂಜೆ ಆರರಿಂದ ಏಳೂವರೆ, ಅಡುಗೆಮನೆಯ ಮೇಜಿನ ಮುಂದೆ ಕೂರಿಸಿಕೊಂಡು, ಕೈಯಲ್ಲೊಂದು ಚಮಚ ಹಿಡಿದುಕೊಂಡು ನಾನೇ ಕಟ್ಟಿಸಿದೆ.

ಅವರು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ನಾಲ್ಕು ವರ್ಷದಿಂದ ಅದೇ ಕೆಲಸ. ಲಿಫ್ಟ್ ಕೆಟ್ಟು ಎರಡು ಮಹಡಿಗಳ ನಡುವೆ ನಿಂತರೆ, ಒಳಗೆ ಸಿಕ್ಕಿಕೊಂಡವರಿಗೆ ಮೊದಲು ಕೇಳಿಸುವುದು ಇವರ ದನಿ. ಲಿಫ್ಟ್ ಓಡಾಡುವ ಬಾವಿಯಂಥ ಶಾಫ್ಟಿನೊಳಗೆ ಇಳಿದು ಕ್ಯಾಬಿನ್ನಿನ ತಲೆಯ ಮೇಲೆ ಕಾಲಿಡುವ ಮೊದಲೇ ಮಾತು ಶುರು. ಎಷ್ಟು ಜನ ಇದೀರಿ, ಊಟ ಆಯ್ತಾ, ಆಫೀಸಿಗೆ ಹೊರಟಿದ್ರಾ ಇಲ್ಲ ತಪ್ಪಿಸಿಕೊಂಡು ಬರ್ತಿದ್ರಾ, ಹಾಗಿದ್ರೆ ಲಿಫ್ಟ್ ಕೆಟ್ಟಿದ್ದು ಒಳ್ಳೇದೇ ಆಯ್ತು ಬಿಡಿ ಅನ್ನುತ್ತಾ ಕೈಯಲ್ಲಿ ಕೆಲಸ ಮಾಡುತ್ತಿರುತ್ತಿದ್ದರು. ಬಾಗಿಲು ತೆಗೆಯುವ ಹೊತ್ತಿಗೆ ಒಳಗಿದ್ದವರು ಬೆವರು ಒರೆಸಿಕೊಂಡು ನಗುತ್ತಿರುತ್ತಿದ್ದರಂತೆ. ಕೆಲಸದ ಜಾಗದಲ್ಲಿ ಇವರಿಗೆ ರೇಡಿಯೋ ಎಂದೇ ಹೆಸರು. ಮನೆಯಲ್ಲೂ ಹಾಗೇ. ಸ್ನಾನ ಮಾಡುವಾಗ ಬಚ್ಚಲ ಬಾಗಿಲ ಹಿಂದಿನಿಂದಲೂ ಮಾತು. ಒಂದು ಗಳಿಗೆ ಸುಮ್ಮನಿರೀಂದ್ರೆ ಎಂದು ನಾನು ಎಷ್ಟು ಸಲ ಸಿಡುಕಿದ್ದೇನೋ. ಸುಮ್ಮನಾಗಿದ್ದಾರೆ ಈಗ. ನನಗೆ ತೃಪ್ತಿಯಾಗಿರಬೇಕು.

ಹೋದ ವರ್ಷ ಕಂಪನಿ ಕೈ ಬದಲಾಯಿತು. ಹೊಸ ಮಾಲೀಕರ ಕಂಟ್ರೋಲ್ ರೂಮ್ ಎಲ್ಲೋ ದೂರದಲ್ಲಿದೆ, ಅಲ್ಲಿ ಕೂತವರಿಗೆ ನಮ್ಮ ಭಾಷೆ ಬಾರದು. ಇನ್ನು ಮುಂದೆ ಶಾಫ್ಟಿಗೆ ಇಳಿಯುವವರು ಫೋನಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡಬೇಕು, ಅದಕ್ಕೊಂದು ಪರೀಕ್ಷೆ, ಮೂರು ನಿಮಿಷ ಬಾಯಿಮಾತಿನದು. ಪಾಸಾದವರು ರಿಪೇರಿಯಲ್ಲೇ ಇರುತ್ತಾರೆ. ಆಗದವರು ಗೋದಾಮಿಗೆ, ಬಿಡಿಭಾಗದ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವುದಕ್ಕೆ. ಸಂಬಳ ಅಷ್ಟೇ, ಯಾರನ್ನೂ ತೆಗೆಯುವುದಿಲ್ಲ ಎಂದು ಸೂಪರ್‌ವೈಸರ್ ಸಮಾಧಾನ ಹೇಳಿದರಂತೆ. ನಮ್ಮವರು ಅವತ್ತು ಮನೆಗೆ ಬಂದು ಬೂಟು ಬಿಚ್ಚದೆ ಕೂತುಬಿಟ್ಟರು.

"ಪೆಟ್ಟಿಗೆಗಳ ಜೊತೆ ನಾನೇನು ಮಾತಾಡ್ಲಿ ಹೇಳು? ಅಲ್ಲಿ ಹಾಕಿದ್ರೆ ನಾನು ವರ್ಷ ತುಂಬೋದ್ರೊಳಗೆ ಸತ್ತುಹೋಗ್ತೀನಿ ಕಣೇ" ಅಂದರು. ತಮಾಷೆಗಲ್ಲ.

ನಾನಿರುವಾಗ ನಿಮಗೇನು ಭಯ ಎಂದೆ. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಪಾಠ ಮಾಡಿದವಳು ನಾನು. ನನ್ನ ಕೈಯಲ್ಲಿ ಪಳಗಿದ ಮಕ್ಕಳ ಉತ್ತರಪತ್ರಿಕೆಯಲ್ಲಿ ಕಾಮಾ ಕೂಡ ಜಾಗ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಪರೀಕ್ಷೆಯ ಬಗ್ಗೆ ಕಂಪನಿ ಕೊಟ್ಟಿದ್ದ ಕಾಗದ ತೋರಿಸಿದರು. ಮೊದಲ ಸಾಲಿನಲ್ಲೇ 'ವರ್ಕರ್ಸ್ ಮಸ್ಟ್ ಟು ಸ್ಪೀಕ್' ಎಂದಿತ್ತು. ಮಸ್ಟ್ ಆದ ಮೇಲೆ ಟು! ನನಗೆ ಮೈಯೆಲ್ಲ ಉರಿದುಹೋಯಿತು. ಕೆಂಪು ಪೆನ್ನು ತಂದು ಆ ಟು ಹೊಡೆದುಹಾಕಿದೆ. ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ತಪ್ಪುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಾತು ನಿಲ್ಲಿಸಬೇಡಿ ಎಂದು. ಓದಲಿಲ್ಲ ಎಂದು ಸುಳ್ಳು ಹೇಳಲಾರೆ. ಓದಿದೆ, ಓದಿ ಮೂಗು ಮುರಿದೆ. ಮಸ್ಟ್ ಆದ ಮೇಲೆ ಟು ಹಾಕುವವರು ತಪ್ಪು ಲೆಕ್ಕಕ್ಕಿಲ್ಲ ಅನ್ನದೆ ಇನ್ನೇನು ಅಂದಾರು? ಪರೀಕ್ಷೆ ಅಂದಮೇಲೆ ತಪ್ಪು ಎಣಿಸದೆ ಇರುತ್ತಾರೆಯೇ? ಇದು ಜನರನ್ನು ಯಾಮಾರಿಸುವ ಮಾತು ಎಂದು ಗಂಡನಿಗೂ ಹೇಳಿದೆ. ಪಾಪ, ನಂಬಿದರು. ನಾನು ಹೇಳಿದ್ದನ್ನು ಅವರು ಯಾವತ್ತು ನಂಬಿಲ್ಲ?

ನನ್ನ ತರಗತಿಯಲ್ಲಿ ಒಂದೇ ನಿಯಮ. ತಪ್ಪಿದರೆ ಮೊದಲಿಂದ. ವಾಕ್ಯದ ಕೊನೆಯ ಪದದಲ್ಲಿ ಎಡವಿದರೂ ಅಲ್ಲೇ ನಿಲ್ಲಿಸಬೇಕು, ವಾಕ್ಯದ ತಲೆಗೆ ವಾಪಸ್ ಹೋಗಬೇಕು. ಶಾಲೆಯಲ್ಲಿ ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದೆ, ಮನೆಯಲ್ಲಿ ಚಮಚ.

ಮೊದಲ ವಾರ ಟು ಬರುವ ಕ್ರಿಯಾಪದಗಳನ್ನು ಹಿಡಿದುಕೊಂಡೆವು. ನಮ್ಮಲ್ಲಿ ಹೋಗೋಕೆ, ನೋಡೋಕೆ, ಮಾಡೋಕೆ ಅಂತ ಪದದ ಕೊನೆಗೆ ಸೇರುತ್ತದಲ್ಲ, ಅದನ್ನು ಅವರು ಪದದ ಮುಂದೆ ಹಿಡಿಯುತ್ತಾರೆ, ಟು ಗೋ, ಟು ಸೀ, ಟು ಡು ಎಂದೆ.

"ಅಂದ್ರೆ ನಮ್ಮ ಮಾತಿಗೆ ಬಾಲ ಇದೆ, ಅವರದಕ್ಕೆ ಮೂಗಿದೆ" ಅಂದರು. ಓದುತ್ತಾ ಕೂತಿದ್ದ ಮಗಳು ಕಿಸಕ್ಕೆಂದು ನಕ್ಕಳು.

ನಿಜ ಹೇಳಬೇಕೆಂದರೆ ಅದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಪಾಠ ಮಾಡಿಲ್ಲ. ಆದರೆ ಅವತ್ತು ಚಮಚ ಕುಟ್ಟಿದೆ. ವಾಂಟ್ ಆದ ಮೇಲೆ ಟು ಬೇಕು, ಟ್ರೈ ಆದ ಮೇಲೆ ಬೇಕು, ಕ್ಯಾನ್ ಆದ ಮೇಲೆ ಬೇಡ, ಲೆಟ್ ಆದ ಮೇಲೆ ಬೇಡ. ಐ ವಾಂಟ್ ಟು ಗೋ, ಲೆಟ್ ಮಿ ಗೋ. ಯಾಕೆ ಹಾಗೆ ಎಂದು ಕೇಳಿದರು. ಯಾಕೆ ಅಂತ ಕೇಳಬೇಡಿ, ಹೇಳಿ ಎಂದೆ. ಲಿಫ್ಟಿನಲ್ಲಿ ಪ್ರತಿ ತಂತಿಗೂ ಯಾಕೆ ಎಂದು ತಿಳಿದುಕೊಂಡೇ ಕೈ ಹಾಕುವ ಮನುಷ್ಯ ಅವರು. ಆದರೂ ಮಗುವಿನ ಹಾಗೆ ತಲೆಯಾಡಿಸಿ ಹೇಳಿದರು. ಐ ಕ್ಯಾನ್ ಟು... ಟಕ್. ಮೊದಲಿಂದ. ಐ ಕ್ಯಾನ್ ಟು... ಟಕ್. ಮೊದಲಿಂದ.

ಎರಡನೆಯ ವಾರ ಜೋಡಿ ಕ್ರಿಯಾಪದಗಳು. ಪುಟ್ ಆನ್ ಅಂದರೆ ಹಾಕಿಕೋ, ಪುಟ್ ಆಫ್ ಅಂದರೆ ಮುಂದೂಡು, ಪುಟ್ ಅಪ್ ವಿತ್ ಅಂದರೆ ಸಹಿಸಿಕೋ. ಪುಟ್ ಒಂದೇ, ಹಿಂದೆ ಬರುವ ಚಿಲ್ಲರೆ ಪದ ಬದಲಾದರೆ ಅರ್ಥವೇ ಬೇರೆ. ಇದರಲ್ಲಿ ಅರ್ಧಕ್ಕರ್ಧ ಅವರಿಗೆ ಮೊದಲೇ ಗೊತ್ತಿತ್ತು. ಬ್ರೇಕ್ ಡೌನ್, ಶಟ್ ಡೌನ್, ಸ್ವಿಚ್ ಆಫ್, ಹೋಲ್ಡ್ ಆನ್, ಎಲ್ಲ ಅವರ ಕೆಲಸದ ಮಾತು. "ಬ್ರೇಕ್ ಡೌನ್ ನಂಗೆ ಹೇಳಿಕೊಡ್ತೀಯೇನೇ? ಇಷ್ಟು ವರ್ಷ ಅದರ ಅನ್ನವೇ ತಿಂದಿರೋದು" ಎಂದು ರೇಗಿಸಿದರು. ಮತ್ತೆ ಸ್ವಲ್ಪ ಯೋಚಿಸಿ, ನಾವೂ ಹೀಗೇ ಅಲ್ಲವಾ ಅಂದರು. ಬಿದ್ದುಹೋಯ್ತು ಅಂತೀವಿ, ಬಿದ್ದದ್ದು ಅಲ್ಲೇ ಬಿದ್ದಿರುತ್ತದೆ, ಎಲ್ಲಿಗೆ ಹೋಯ್ತು? ಹೇಳಿಬಿಟ್ಟೆ ಅಂತೀವಿ, ಹೇಳಿ ಏನನ್ನು ಬಿಟ್ಟೆ? ಬರೆದುಕೋ ಅಂತೀವಿ, ಅದರಲ್ಲಿ ಕೊಳ್ಳೋದು ಏನಿದೆ? ಅವರ ಅಪ್, ಆಫ್, ಡೌನ್ ನಮ್ಮ ಹೋಗು, ಬಿಡು, ಕೋ ಇದ್ದ ಹಾಗೆ, ಅಷ್ಟೇ ತಾನೆ ಎಂದರು. ಮಗಳು ಪುಸ್ತಕ ಮುಚ್ಚಿಟ್ಟು ಅಪ್ಪನ ಪಕ್ಕ ಬಂದು ಕೂತಳು. ತಂದುಕೊಡು, ಓಡಿಬಂದ, ತಿಂದುನೋಡು ಎಂದು ಇಬ್ಬರೂ ಆಟ ಹಚ್ಚಿಕೊಂಡರು. ಅಡುಗೆಮನೆಯ ತುಂಬ ನಗು. ಆ ನಗುವನ್ನು ಹಾಗೇ ಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಾನು ಚಮಚ ಕುಟ್ಟಿ, ಮಗಳನ್ನು ಎಬ್ಬಿಸಿ ಹೊರಗೆ ಕಳಿಸಿ, ಸ್ವಿಚ್ ಇಟ್ ಆಫ್ ಸರಿ, ಸ್ವಿಚ್ ಆಫ್ ಇಟ್ ತಪ್ಪು, ಹೇಳಿ ಎಂದೆ.

ಅದೊಂದು ಅವರ ನಾಲಿಗೆಗೆ ಹತ್ತಲೇ ಇಲ್ಲ. ಸ್ವಿಚ್ ಆಫ್ ದ ಲೈಟ್ ಸರಿಯಾದರೆ ಸ್ವಿಚ್ ಆಫ್ ಇಟ್ ಯಾಕೆ ತಪ್ಪು ಎಂದು ಅವರ ಕೈಕೆಲಸದ ತಲೆ ಒಪ್ಪಲಿಲ್ಲ. ಒಂದು ಸಂಜೆ ಆ ಒಂದು ವಾಕ್ಯವನ್ನು ನಲವತ್ತು ಸಲ ಮೊದಲಿಂದ ಹೇಳಿಸಿದೆ. ಹಣೆಯ ಮೇಲೆ ಬೆವರು ಸಾಲಾಗಿ ನಿಂತಿತ್ತು. ಮೂವತ್ತು ಮಹಡಿಯ ಶಾಫ್ಟಿನ ಮೇಲೆ ನಿಂತರೂ ಬೆವರದ ಮನುಷ್ಯ.

ಆ ವಾರವೇ ಗ್ರೀಸ್ ಬಂದ. ಹತ್ತೊಂಬತ್ತು ವರ್ಷದಿಂದ ಇವರ ಜೋಡಿ ಕೆಲಸದವನು, ಯಾವಾಗಲೂ ಮೊಣಕೈವರೆಗೆ ಗ್ರೀಸ್ ಬಳಿದುಕೊಂಡಿರುವುದರಿಂದ ಆ ಹೆಸರು. ಅತ್ತಿಗೆ, ನಂಗೂ ಒಂಚೂರು ಹೇಳಿಕೊಡಿ ಎಂದು ಬಾಗಿಲ ಬಳಿ ಕೈಕಟ್ಟಿ ನಿಂತ. ಕೂರಿಸಿಕೊಂಡೆ. ಅಬ್ಬಾ, ಅವನ ಇಂಗ್ಲಿಷ್! ಐ ಗೋ ಅಪ್, ಯೂ ಸ್ಟ್ಯಾಂಡ್, ಐ ಸೀ ರೋಪ್, ರೋಪ್ ಬ್ಯಾಡ್, ಯೂ ನೋ ಟಚ್. ಕಿವಿಗೆ ಕಾದ ಎಣ್ಣೆ ಹೊಯ್ದ ಹಾಗಾಯಿತು. ಚಮಚ ಕುಟ್ಟಿದರೆ ಆಸಾಮಿಗೆ ಕೇಳಿಸುವುದೇ ಇಲ್ಲ, ಲಾರಿಯ ಹಾಗೆ ನುಗ್ಗಿಕೊಂಡು ಹೋಗುತ್ತಾನೆ. ಎರಡನೇ ದಿನ, ನಿನ್ನ ಜೊತೆ ಕೂತರೆ ಇವರೂ ಕೆಟ್ಟುಹೋಗ್ತಾರೆ, ನಾಳೆಯಿಂದ ಬರಬೇಡಪ್ಪ ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳಿದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಅಣ್ಣನಾದ್ರೂ ಪಾಸಾಗ್ಲಿ ಅತ್ತಿಗೆ, ನಂಗೆ ಗೋದಾಮೇ ಗತಿ ಎಂದು ಟೀ ಕುಡಿದು ಹೋದ.

ನಾಲ್ಕನೇ ವಾರಕ್ಕೆ ನಾನು ಗೆದ್ದೆ. ಅಂದರೆ ಹಾಗೆಂದುಕೊಂಡೆ. ಇವರು ತಪ್ಪಿದರೆ ಈಗ ಚಮಚ ಕುಟ್ಟುವುದೇ ಬೇಡ, ತಾವಾಗಿಯೇ ಗಕ್ಕನೆ ನಿಲ್ಲಿಸಿ ಕಣ್ಣು ಮುಚ್ಚಿ ಮೊದಲಿಂದ ಶುರು ಮಾಡುತ್ತಿದ್ದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಶಾಲೆಯ ಸಹೋದ್ಯೋಗಿಗಳಿಗೆಲ್ಲ ಹೇಳಿಕೊಂಡು ಬಂದೆ. ಒಂದು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಾ ಮಗಳು, "ಅಮ್ಮ, ಅಪ್ಪ ಬಚ್ಚಲಲ್ಲಿ ಮಾತಾಡ್ತಿಲ್ಲ, ಗಮನಿಸಿದ್ಯಾ?" ಅಂದಳು. ಪರೀಕ್ಷೆ ಹತ್ತಿರ ಬಂತಲ್ಲ, ಮನಸ್ಸಿನಲ್ಲೇ ಅಭ್ಯಾಸ ಮಾಡ್ತಿದ್ದಾರೆ ಎಂದೆ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. ಆ ನೋಟಕ್ಕೆ ನನಗೆ ಸಿಟ್ಟು ಬಂದು ಜಡೆ ಬಿಗಿಯಾಗಿ ಎಳೆದೆ.

ಪರೀಕ್ಷೆಯ ದಿನ ರಜೆ ಹಾಕಿ ನಾನೂ ಹೋದೆ. ಕಂಪನಿ ಆಫೀಸಿನ ಮೂಲೆಯಲ್ಲಿ ಗಾಜಿನ ಕೋಣೆ. ಒಳಗೆ ಒಂದು ಮೇಜು, ಒಂದು ಕುರ್ಚಿ, ಸ್ಪೀಕರ್ ಇರುವ ಫೋನ್. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಹೊರಗಿನ ಬೆಂಚಿನಲ್ಲಿ ಕೂತ ನನಗೆ ಎಲ್ಲ ಕೇಳಿಸುತ್ತಿತ್ತು. ಇಸ್ತ್ರಿ ಮಾಡಿದ ಶರ್ಟಿನಲ್ಲಿ ಇವರು ಬೆನ್ನು ನೆಟ್ಟಗೆ ಮಾಡಿ ಕೂತರು. ಫೋನಿನ ಆ ಕಡೆಯ ಹೆಂಗಸಿನ ದನಿ ಒಳ್ಳೆಯದಿತ್ತು. ನಿಧಾನಕ್ಕೆ, ಬಿಡಿಸಿ ಬಿಡಿಸಿ ಹೇಳಿದಳು. ಲಿಫ್ಟ್ ನಾಲ್ಕು ಮತ್ತು ಐದನೇ ಮಹಡಿಯ ನಡುವೆ ನಿಂತಿದೆ, ಒಳಗೊಬ್ಬರು ವಯಸ್ಸಾದವರಿದ್ದಾರೆ, ನೀವು ಕ್ಯಾಬಿನ್ನಿನ ಮೇಲಿದ್ದೀರಿ, ನಿಮ್ಮ ಜೊತೆಗಾರ ಕೆಳಗೆ ಮೇನ್ ಸ್ವಿಚ್ಚಿನ ಹತ್ತಿರ ಇದ್ದಾನೆ. ಅವನಿಗೆ ಏನು ಮಾಡಬೇಕೆಂದು ಹೇಳಿ. ಮೂರು ನಿಮಿಷ.

ನನ್ನ ಜೀವ ಹಗುರಾಯಿತು. ಇದು ಇವರ ದಿನನಿತ್ಯದ ಕೆಲಸ. ನಿದ್ದೆಯಲ್ಲೂ ಹೇಳಬಲ್ಲರು.

"ಐ ವಾಂಟ್ ಯು ಟು ಗೋ ಟು ದ ಮೇನ್ ಸ್ವಿಚ್ ಅಂಡ್ ಟು..." ಎಂದು ಶುರು ಮಾಡಿದರು. ಎಷ್ಟು ಚೆಂದದ ವಾಕ್ಯ, ನನ್ನ ಪಾಠವೇ ಮೈತಾಳಿ ಬಂದ ಹಾಗೆ. ಆಮೇಲೆ, "ಸ್ವಿಚ್ ಆಫ್ ಇಟ್." ನಿಲ್ಲಿಸಿದರು. ಗಾಜಿನಾಚೆ ಅವರ ಕಣ್ಣು ಮುಚ್ಚಿಕೊಂಡಿತು. "ಐ ವಾಂಟ್ ಯು ಟು ಗೋ ಟು ದ ಮೇನ್ ಸ್ವಿಚ್..."

ಎರಡನೇ ಸಲವೂ ಅಲ್ಲೇ ಬಂದು ಬಿದ್ದರು. ಮೂರನೇ ಸಲ ಇಟ್ ಮೊದಲು ಬಂತು, ಸರಿಯಾಗಿತ್ತು, ಸರಿಯಾಗಿತ್ತು ದೇವರೇ, ಆದರೆ ಅವರಿಗೇ ನಂಬಿಕೆ ಬರದೆ ಮತ್ತೆ ಮೊದಲಿಂದ ಹೊರಟರು. ಆ ಹೆಂಗಸು, ಪರವಾಗಿಲ್ಲ, ಕ್ಯಾರಿ ಆನ್, ಕ್ಯಾರಿ ಆನ್ ಎಂದಳು. ಮುಂದುವರಿಸಿ ಎಂದು. ಇವರು ಬೆಚ್ಚಿಬಿದ್ದರು. ಮಧ್ಯೆ ಯಾರಾದರೂ ದನಿ ಮಾಡಿದರೆ ಅದು ತಪ್ಪಾಯಿತೆಂದೇ ಅರ್ಥ ಎಂದು ಆರು ವಾರ ಕಲಿಸಿದ್ದೇನಲ್ಲ. ಮತ್ತೆ ವಾಕ್ಯದ ತಲೆಗೆ ಹೋದರು. ಐ ವಾಂಟ್ ಯು ಟು ಗೋ. ಐ ವಾಂಟ್ ಯು. ಐ ವಾಂಟ್. ಕೊನೆಕೊನೆಗೆ ಮೊದಲ ಪದ ಹೇಳುವಷ್ಟರಲ್ಲೇ ತಪ್ಪಾಯಿತೇನೋ ಎನ್ನುವ ಭಯ. ಐ. ಐ. ಐ. ಲಿಫ್ಟಿನೊಳಗಿನ ಆ ವಯಸ್ಸಾದವರಿಗೆ ಒಂದು ಮಾತೂ ಆಡಲಿಲ್ಲ ನನ್ನ ಗಂಡ.

ಬಾಗಿಲು ತಳ್ಳಿ ಒಳಗೆ ಹೋಗಿ, ಹೇಗಾದರೂ ಮಾತಾಡ್ರೀ, ಏನಾದರೂ ಹೇಳ್ರೀ ಎಂದು ಕಿರುಚಬೇಕೆನಿಸಿತು. ಹಾಗೆ ಮಾಡಿದ್ದರೂ ಏನಾಗುತ್ತಿತ್ತು? ನನ್ನ ಮುಖ ಕಂಡಿದ್ದರೆ ಅವರು ಮತ್ತೆ ಮೊದಲಿಂದಲೇ ಶುರು ಮಾಡುತ್ತಿದ್ದರು. ಮೂರು ನಿಮಿಷ ಮುಗಿಯಿತು. ಹೆಂಗಸು ಥ್ಯಾಂಕ್ ಯೂ ಎಂದಳು. ಇವರು ಫೋನಿಗೆ ತಲೆಬಾಗಿಸಿ ಎದ್ದು ಬಂದರು.

ಮುಂದಿನ ಸರದಿ ಗ್ರೀಸ್‌ದು. ಅವನ ದನಿ ಬೀದಿಯವರೆಗೆ ಕೇಳಿಸುತ್ತಿತ್ತು. ಬ್ರದರ್, ಯೂ ಸ್ವಿಚ್ ಆಫ್, ಯೂ ನೋ ಟಚ್, ಐ ಓಪನ್. ಅಜ್ಜ, ಯೂ ಓಕೆ? ಸಿಟ್ ಡೌನ್, ಅಜ್ಜ. ನೋ ಫಿಯರ್. ಐ ಕಮಿಂಗ್, ಐ ಕಮಿಂಗ್. ಅಜ್ಜ ಎಂದು ನಮ್ಮ ಭಾಷೆಯಲ್ಲೇ ಕರೆದುಬಿಟ್ಟ. ಫೋನಿನ ಹೆಂಗಸು ನಕ್ಕಿದ್ದು ಕೇಳಿಸಿತು. ಅವನು ಪಾಸಾದ.

ಸೂಪರ್‌ವೈಸರ್ ಆಮೇಲೆ ನನಗೆ ಅಂಕದ ಹಾಳೆ ತೋರಿಸಿದರು. ಅದರಲ್ಲಿ ಅಂಕ ತುಂಬಲು ಇದ್ದದ್ದು ಮೂರೇ ಮನೆ. ಜೊತೆಗಾರನಿಗೆ ಅರ್ಥವಾಯಿತೇ, ಸಮಯಕ್ಕೆ ಹೇಳಿದರೇ, ಒಳಗಿದ್ದವರನ್ನು ಮಾತಾಡಿಸಿದರೇ. ವ್ಯಾಕರಣಕ್ಕೆ ಮನೆಯೇ ಇರಲಿಲ್ಲ. ಮೇಡಂ, ನಮ್ಮ ರೇಡಿಯೋಗೆ ಏನಾಯ್ತು, ಈ ಪರೀಕ್ಷೆ ಮಾಡಿದ್ದೇ ಅವರಿಗೋಸ್ಕರ ಅನ್ನೋ ಹಾಗಿತ್ತಲ್ಲ, ಹುಷಾರಿಲ್ವಾ ಅಂತ ಕೇಳಿದರು. ಅಂಥ ಒಳ್ಳೆಯ ಮನುಷ್ಯನಿಗೆ ನಾನು, ಹೌದು ಸರ್, ಜ್ವರ ಇತ್ತು ಎಂದು ಸುಳ್ಳು ಹೇಳಿದೆ.

ಗೋದಾಮಿನ ಕೆಲಸ ಶುರುವಾಗಿ ಎರಡು ತಿಂಗಳಾಯಿತು. ಮೊದಲು ಬೇಜಾರಿನಿಂದ ಮಾತಾಡುತ್ತಿಲ್ಲ ಎಂದುಕೊಂಡೆ. ಆಮೇಲೆ ಒಂದು ಸಂಜೆ ಮಗಳು ಹಟ ಹಿಡಿದು ಏನಾದರೂ ಹೇಳಪ್ಪ ಎಂದು ಪೀಡಿಸಿದಾಗ ಬಾಯಿ ತೆರೆದರು. ಮೊನ್ನೆ ಗೋದಾಮಿಗೆ ಒಂದು ಬೆಕ್ಕು ಬಂದಿತ್ತು ಎಂದು ಶುರು ಮಾಡಿದವರು ಗಕ್ಕನೆ ನಿಂತರು. ಮೊನ್ನೆಯಲ್ಲ, ಆಚೆ ಮೊನ್ನೆ. ಕಣ್ಣು ಮುಚ್ಚಿದರು. ಆಚೆ ಮೊನ್ನೆ ಗೋದಾಮಿಗೆ ಎಂದು ಮತ್ತೆ ಮೊದಲಿಂದ. ಬೆಕ್ಕು ಪೆಟ್ಟಿಗೆ ಹತ್ತಿತು ಅನ್ನಬೇಕೋ ಪೆಟ್ಟಿಗೆಯೊಳಗೆ ಇಳಿಯಿತು ಅನ್ನಬೇಕೋ ತಡವರಿಸಿ ಮತ್ತೆ ಮೊದಲಿಂದ. ಹುಟ್ಟಿದಾಗಿನಿಂದ ಆಡಿದ ಕನ್ನಡ! ಮಗಳು ಅರ್ಧಕ್ಕೇ ಎದ್ದುಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಅವಳು ನನ್ನ ಜೊತೆ ಸರಿಯಾಗಿ ಮಾತಾಡಿ ಇವತ್ತಿಗೆ ಐದು ವಾರ. ಆಡದಿರಲಿ. ನಾನಾಗಿದ್ದರೆ ಜನ್ಮದಲ್ಲಿ ಆಡುತ್ತಿರಲಿಲ್ಲ.

ಹೋದ ವಾರ ಸೂಪರ್‌ವೈಸರ್ ಹತ್ತಿರ ಹೋಗಿ ಜ್ವರದ ಸುಳ್ಳು ಒಪ್ಪಿಕೊಂಡು, ನಡೆದದ್ದನ್ನೆಲ್ಲ ಹೇಳಿದೆ. ಅವರು ಇವರ ಅಂಕದ ಹಾಳೆ ತೆಗೆಸಿ ಮತ್ತೊಮ್ಮೆ ನೋಡಿದರು. ಆಮೇಲೆ, ಇಂಥ ಕೆಲಸಗಾರ ಸಿಗಲ್ಲ ಮೇಡಂ, ಮೇಲಿನವರ ಹತ್ತಿರ ನಾನು ಮಾತಾಡ್ತೀನಿ, ಇನ್ನೊಂದು ಸಲ ಕೂರಲಿ ಎಂದರು. ಮುಂದಿನ ಸೋಮವಾರವೇ ಎಂದರು. ನಾನು ಬಸ್ಸಿಗೂ ಕಾಯದೆ ಓಡುವ ಹಾಗೆ ಮನೆಗೆ ಬಂದೆ.

ಇವರು ಮೇಜಿನ ಮುಂದೆ ಕೂತಿದ್ದರು. ಎಲ್ಲ ಒಂದೇ ಉಸಿರಿಗೆ ಹೇಳಿದೆ. ಈ ಸಲ ನಾನು ಹತ್ತಿರವೂ ಸುಳಿಯಲ್ಲ, ತಪ್ಪೇ ಮಾಡಿ, ಗ್ರೀಸ್ ಹಾಗೆ ಮಾತಾಡಿ, ಅವನನ್ನೇ ಕರೆಸೋಣ, ನಾನು ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗಿರ್ತೀನಿ, ನಿಮ್ಮ ಕಾಲಿಗೆ ಬೀಳ್ತೀನಿ ಎಂದೆ. ನಾನು ಅಳುವುದನ್ನು ಅವರು ನೋಡಿದ್ದು ಕಡಿಮೆ. ಕೈ ಚಾಚಿ ನನ್ನ ಕೈ ಹಿಡಿದುಕೊಂಡರು. ತುಟಿ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಬಹಳ ಹೊತ್ತಿನ ಮೇಲೆ ನಿಧಾನವಾಗಿ, ಒಂದೊಂದೇ ಪದ ಇಟ್ಟು ಹೇಳಿದರು.

"ನೀನು ಎಲ್ಲಿಗೆ ಹೋದ್ರೂ ಅಷ್ಟೇ ಕಣೇ. ನಾನು ಬಾಯಿ ತೆಗೆದ್ರೆ ನೀನು ಬರ್ತೀಯ."

ಆಮೇಲೆ ಜೇಬಿನಿಂದ ಒಂದು ಕಾಗದ ತೆಗೆದು ಬಿಡಿಸಿ ಮೇಜಿನ ಮೇಲಿಟ್ಟರು. ಕಂಪನಿಗೆ ಬರೆದ ಅರ್ಜಿ. ನಾನು ಸೂಪರ್‌ವೈಸರ್ ಹತ್ತಿರ ಮಾತಾಡುವಾಗ ಆಫೀಸಿನಲ್ಲೇ ಇದ್ದ ಗ್ರೀಸ್, ಇನ್ನೊಂದು ಅವಕಾಶ ಕೊಡುತ್ತಾರಂತೆ ಎಂದು ನಾನು ಮನೆ ಸೇರುವ ಮೊದಲೇ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದನಂತೆ. ಇಂಗ್ಲಿಷಿನಲ್ಲಿ ಎರಡೇ ಸಾಲು. ಐ ಡು ನಾಟ್ ವಾಂಟ್ ಟು ಟೇಕ್ ದ ಟೆಸ್ಟ್ ಅಗೇನ್. ಐ ವುಡ್ ಲೈಕ್ ಟು ಗಿವ್ ಅಪ್ ಮೈ ಪ್ಲೇಸ್ ಇನ್ ರಿಪೇರ್ಸ್. ಪರೀಕ್ಷೆಗೆ ಮತ್ತೆ ಕೂರಲು ಇಷ್ಟವಿಲ್ಲ, ರಿಪೇರಿಯಲ್ಲಿ ನನಗಿದ್ದ ಜಾಗ ಬಿಟ್ಟುಕೊಡಲು ಬಯಸುತ್ತೇನೆ ಎಂದು. ಕೆಳಗೆ ಸಹಿ, ತಾರೀಖು.

"ತಪ್ಪಿದ್ಯಾ ನೋಡು" ಅಂದರು.

ನೋಡಿದೆ. ಒಂದೇ ಒಂದು ತಪ್ಪು ಸಿಕ್ಕಿದ್ದರೆ, ಇದನ್ನು ತಿದ್ದಬೇಕು, ಇವತ್ತು ಕೊಡೋದು ಬೇಡ, ನಾಳೆ ಬರೆಯೋಣ ಎಂದು ಹರಿದುಹಾಕುತ್ತಿದ್ದೆ. ಟು ಬೇಕಾದಲ್ಲಿ ಇತ್ತು, ಗಿವ್ ಅಪ್ ಸರಿಯಾಗಿತ್ತು, ಕೊನೆಯ ಚುಕ್ಕಿಯೂ ಜಾಗದಲ್ಲಿತ್ತು. ಮೂರು ಸಲ ಓದಿದೆ. ಇಲ್ಲ ರೀ, ಎಲ್ಲ ಸರಿಯಾಗಿದೆ ಎಂದೆ. ಅವರು ತಲೆಯಾಡಿಸಿ, ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಆಫೀಸು ಮುಚ್ಚುವ ಮೊದಲು ಕೊಟ್ಟು ಬರಲು ಹೊರಟರು.